ಪ್ಯಾನ್ ಕೊಡು ಮಾರಾಯ, ಆಧಾರ್‌ಗೆ ಸ್ವಲ್ಪ ನಿಲ್ಲು

ಚಿಕ್ಕಮ್ಮನ ಮಗನಿಗೆ ಮಂಗಳೂರಿನ ಬಿಜೈ ಹತ್ತಿರ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಸೋಮವಾರ ಸೇರಬೇಕು. ಶನಿವಾರ ಸಂಜೆ ಫೋನ್ ಮಾಡಿದ. "ಅಣ್ಣ, ಆಧಾರ್ ಎರಡೂ ಬದಿ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಕಂತೆ, ಹಾಕುವುದಾ?" ಗ್ರೂಪಿನಲ್ಲಿ ಹೊಸಬರು ಹನ್ನೊಂದು ಜನ, ಅದರಲ್ಲಿ ನಾಲ್ವರು ಆಗಲೇ ಹಾಕಿಯೂ ಆಗಿತ್ತು, ಹುಟ್ಟಿದ ತಾರೀಕು, ಮನೆ ವಿಳಾಸ, ಅಪ್ಪನ ಹೆಸರು ಎಲ್ಲ ಸಮೇತ.

ಬೇಡವೇ ಬೇಡ ಅಂದೆ. ಹಂಪನಕಟ್ಟೆಯ ಝೆರಾಕ್ಸ್ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಪರದೆ ತುಂಬ ಯಾರ್ಯಾರದೋ ಆಧಾರ್ ಫೈಲು ಬಿದ್ದಿರುವುದನ್ನು ನೋಡಿದ ಮೇಲೆ ನನಗೆ ಈ ಹೆದರಿಕೆ ಜಾಸ್ತಿ.

ಪ್ಯಾನ್ ವಿಷಯದಲ್ಲಿ ಮಾತ್ರ ತಕರಾರು ಮಾಡಬೇಡಿ. ಸಂಬಳದಲ್ಲಿ ತೆರಿಗೆ ಹಿಡಿದು ಕಟ್ಟುವುದು ಕಂಪನಿಯ ಜವಾಬ್ದಾರಿ, ಅದಕ್ಕೆ ಪ್ಯಾನ್ ಬೇಕೇ ಬೇಕು. ತೆರಿಗೆ ಬೀಳುವಷ್ಟು ಸಂಬಳ ಇದ್ದು ಪ್ಯಾನ್ ಕೊಡದಿದ್ದರೆ ಕಡಿಮೆ ಎಂದರೂ 20 ಪರ್ಸೆಂಟ್ ಹಿಡಿಯುತ್ತಾರೆ. 2010ರಿಂದ ಹೀಗೆಯೇ ಉಂಟು.

ಆಧಾರ್ ಕಥೆ ಬೇರೆ. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಖಾಸಗಿ ಕಂಪನಿಗಳು ಬರೀ ಒಪ್ಪಂದದ ಹೆಸರಿನಲ್ಲಿ ಆಧಾರ್ ದೃಢೀಕರಣ ಮಾಡಿಸಲು ಇದ್ದ ದಾರಿಯನ್ನು ಮುಚ್ಚಿತು. ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಾಗಾಗಿ ಸುಮ್ನೆ ಗುರುತಿಗೆ, ವಿಳಾಸಕ್ಕೆ ಅಂತ ಕೇಳಿದರೆ ವೋಟರ್ ಐಡಿ, ಲೈಸೆನ್ಸ್, ಪಾಸ್‌ಪೋರ್ಟ್ ಯಾವುದಾದರೂ ಕೊಡಬಹುದು.

ಆದರೆ ಪಿಎಫ್ ಇದ್ದರೆ ತಪ್ಪಿಸಿಕೊಳ್ಳಲಿಕ್ಕಾಗುವುದಿಲ್ಲ. ಆಧಾರ್ ಜೋಡಿಸದ ಯುಎಎನ್‌ಗೆ, ಅಂದರೆ ಪಿಎಫ್ ಸದಸ್ಯರಿಗೆ ಕೊಡುವ ನಂಬರಿಗೆ, ಈಗ ಕಂಪನಿ ಹಣ ಕಟ್ಟಲಿಕ್ಕೇ ಬರುವುದಿಲ್ಲ, 2021ರಲ್ಲಿ ಬಂದ ನಿಯಮ ಅದು. ಅದಕ್ಕೆ ಪೂರ್ತಿ 12 ಅಂಕಿ ಬೇಕು. ಹಾಗಂತ ಹನ್ನೊಂದು ಜನರ ಮುಂದೆ ಹರಡಬೇಕಾ? ಪಿಎಫ್ ನೋಡಿಕೊಳ್ಳುವವರ ಕೈಗೆ ಕೊಟ್ಟರೆ ಸಾಕಲ್ವಾ. ಫೈಲಿಗೆ ಹಾಕುವ ಪ್ರತಿಗೆ ಮಾಸ್ಕ್ಡ್ ಆಧಾರ್ ಉಂಟು, ಆಧಾರ್ ಕೊಡುವ ಯುಐಡಿಎಐ ವೆಬ್‌ಸೈಟಿನಲ್ಲಿ ಸಿಗುತ್ತದೆ, ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ.

ಸೋಮವಾರ ಹುಡುಗ ಅದನ್ನೇ ತೆಗೆದುಕೊಂಡು ಹೋದ. ಎಚ್‌ಆರ್ ಮೇಡಂ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರಂತೆ. "ಇದೆಂತದು, ನಂಬರೇ ಇಲ್ಲ?" ಇವನು ಪಿಎಫ್ ಫಾರ್ಮಿನಲ್ಲಿ ತಾನೇ ಬರೆದ ನಂಬರ್ ತೋರಿಸಿದ ಮೇಲೆ ಮುಖ ಸ್ವಲ್ಪ ಸಪ್ಪಗೆ ಮಾಡಿಕೊಂಡು ಸೀಲ್ ಹೊಡೆದರು. ಗ್ರೂಪಿನಲ್ಲಿರುವ ಆ ನಾಲ್ಕು ಜನರ ಫೋಟೋ ಅಳಿಸಿ ಅಂತಲೂ ಹೇಳಿ ಬಂದಿದ್ದಾನೆ. ಅಡ್ಮಿನ್ ಹೆಬ್ಬೆರಳು ಕಳಿಸಿದ್ದಾರೆ, ಫೋಟೋ ಇನ್ನೂ ಅಲ್ಲೇ ಉಂಟು.