ಎದುರುಗಾಳಿ ಮತ್ತು ಇಳಿಯುವ ಸರದಿ

ವಾಯು ಸಂಚಾರ ನಿಯಂತ್ರಣಕ್ಕೆ ಮಷಿನ್ ಲರ್ನಿಂಗ್, ಅಂದರೆ ಹಳೆಯ ದಾಖಲೆಗಳಿಂದ ತಾನೇ ಕಲಿತು ಅಂದಾಜಿಸುವ ಕಂಪ್ಯೂಟರ್ ವಿಧಾನ, ಬರುತ್ತಿದೆ ಎಂದೊಡನೆ ಮನುಷ್ಯರೇ ಇಲ್ಲದ ಗೋಪುರವನ್ನು ಕಲ್ಪಿಸಿಕೊಳ್ಳುವವರು ಹೆಚ್ಚು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಗಾಳಿಯ ವಿಷಯ. ದೊಡ್ಡ ವಿಮಾನದ ರೆಕ್ಕೆಯ ತುದಿಗಳಿಂದ ಏಳುವ ಸುಳಿಗಳು ಹಿಂದೆ ಬರುವ ಸಣ್ಣ ವಿಮಾನವನ್ನು ಹೊರಳಿಸಿಬಿಡಬಲ್ಲವು, ಆದ್ದರಿಂದಲೇ ಇಳಿಯುವ ವಿಮಾನಗಳ ನಡುವೆ ಇಷ್ಟು ಮೈಲಿ ಅಂತರವಿರಬೇಕೆಂಬ ನಿಯಮ ಬಂದಿತು. ಆದರೆ ಎದುರುಗಾಳಿ ಜೋರಾಗಿದ್ದಾಗ ಅಷ್ಟೇ ದೂರ ಕ್ರಮಿಸಲು ಹೆಚ್ಚು ಹೊತ್ತು ಹಿಡಿಯುತ್ತದೆ, ಗಂಟೆಗೆ ಇಳಿಯುವ ವಿಮಾನಗಳ ಸಂಖ್ಯೆ ಕುಸಿಯುತ್ತದೆ; ಸುಳಿಗಳಾದರೋ ಅಂಥ ಗಾಳಿಯಲ್ಲಿ ಬೇಗನೆ ಚದುರಿಹೋಗುತ್ತವೆ. ಹಾಗಾಗಿ ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ 2015ರಿಂದ ಈ ಅಂತರವನ್ನು ಸಮಯದ ಲೆಕ್ಕದಲ್ಲಿ ಕಾಯ್ದುಕೊಳ್ಳಲಾಗುತ್ತಿದೆ. ಗಾಳಿಯ ವೇಗಕ್ಕೆ ತಕ್ಕಂತೆ ಹಿಂದೆ ಬರುವ ವಿಮಾನ ಎಷ್ಟು ಅಂತರದಲ್ಲಿರಬೇಕೆಂದು ಕಂಪ್ಯೂಟರ್ ನಿಗದಿಪಡಿಸಿದ ಗುರುತು ನಿಯಂತ್ರಕರ ಪರದೆಯ ಮೇಲೆ ಮೂಡುತ್ತದೆ.

ಇಲ್ಲಿಯವರೆಗಿನದು ಬರಿಯ ಗಣಿತ. ಇಳಿದ ವಿಮಾನ ರನ್‌ವೇ ತೆರವು ಮಾಡಲು ಎಷ್ಟು ಸೆಕೆಂಡು ತೆಗೆದುಕೊಂಡೀತು ಎಂಬುದನ್ನು ಹಳೆಯ ದಾಖಲೆಗಳಿಂದ, ವಿಮಾನದ ಬಗೆ, ವೇಗ, ಹವಾಮಾನ ಎಲ್ಲವನ್ನೂ ನೋಡಿ ಅಂದಾಜಿಸುವುದು ಕಲಿಯುವ ಯಂತ್ರಕ್ಕೆ ಒಪ್ಪುವ ಕೆಲಸ. ಅಂದಾಜು ತಪ್ಪಿದರೆ ಹಿಂದೆ ಬರುತ್ತಿರುವ ವಿಮಾನ ಇಳಿಯದೆ ಮತ್ತೆ ಮೇಲೇರಬೇಕಾದೀತು, ಹಾಗೆಂದು ಹೇಳಬೇಕಾದವರು ಈಗಲೂ ನಿಯಂತ್ರಕರೇ. ಸರಾಸರಿಯಲ್ಲಿ ಸರಿ ಬರುವ ಕಂಪ್ಯೂಟರ್ ಮಾದರಿಗಿಂತ, ತನ್ನ ಅಂದಾಜು ಯಾವಾಗ ಅಷ್ಟಾಗಿ ನಂಬಲರ್ಹವಲ್ಲ ಎಂಬುದನ್ನೂ ತಿಳಿಸುವ ಮಾದರಿಯೇ ಅವರಿಗೆ ಹೆಚ್ಚು ಪ್ರಯೋಜನಕ್ಕೆ ಬಂದೀತೆಂದು ನನಗನ್ನಿಸುತ್ತದೆ.