ಅವ್ವ ತಿಮಿಂಗಿಲ ನೋಡಿದ ದಿನ

ಕಲಬುರಗಿ, 9 ಫೆಬ್ರವರಿ 2025, ಭಾನುವಾರ

ಬೆಳಿಗ್ಗೆ ರೈಲು ಇಳಿದು ಮನೆಗೆ ಬಂದೆವು. ಬ್ಯಾಗು ಇನ್ನೂ ಬಿಚ್ಚಿಲ್ಲ. ಅವ್ವ ಆಗಲೇ ಕಟ್ಟೆ ಮೇಲೆ ಕೂತು ಓಣಿಯವರಿಗೆ ಶ್ರೀಲಂಕಾದ ಸುದ್ದಿ ಹೇಳುತ್ತಿದ್ದಾಳೆ. ಕೊಲಂಬೊ, ಗುಡಿಗಳು, ಅಂಗಡಿ ಎಲ್ಲ ಆಮೇಲೆ ನಿಧಾನವಾಗಿ ಬರೆದರಾಯಿತು. ಬುಧವಾರದ ಬೆಳಗು ಮಾತ್ರ ಇವತ್ತೇ ಬರೆದಿಡಬೇಕು. ಅದರ ಸದ್ದು ಇನ್ನೂ ಕಿವಿಯಲ್ಲಿದೆ.

ಮಿರಿಸ್ಸಾ ಅಂತ ಊರು. ಶ್ರೀಲಂಕಾದ ದಕ್ಷಿಣ ದಂಡೆಯಲ್ಲಿದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಆ ಕಡೆ ಸಮುದ್ರ ಸ್ವಲ್ಪ ಶಾಂತವಾಗಿರುತ್ತದೆ. ತಿಮಿಂಗಿಲ ನೋಡುವ ಬೋಟುಗಳು ಹೊರಡುವುದು ಈ ತಿಂಗಳುಗಳಲ್ಲೇ. ನಮ್ಮದು ಬೆಳಿಗ್ಗೆ ಆರೂವರೆಗೆ ಬಿಟ್ಟಿತು. ಅವ್ವ ಗೋಕರ್ಣದಲ್ಲಿ ದಂಡೆಗೆ ನಿಂತು ಕಾಲು ತೋಯಿಸಿಕೊಂಡಿದ್ದು ಬಿಟ್ಟರೆ ಸಮುದ್ರ ಕಂಡವಳಲ್ಲ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟನ್ನು ಸೀರೆ ಮೇಲೆ ಹಾಕಿಕೊಂಡು, ಕಂಬಿ ಗಟ್ಟಿಯಾಗಿ ಹಿಡಿದು ಕೂತಳು. ಹಿಂದಿನ ರಾತ್ರಿಯೇ ಕೇಳಿದ್ದಳು: "ಭಾಳ ಒಳಗ ಹೋಗ್ತದೇನು ಯವ್ವಾ?" ಹೌದು ಅಂದೆ. "ಹೋಗ್ಲಿ ಬಿಡು" ಅಂದು ಮಲಗಿದ್ದಳು.

ವಾಂತಿ ಆಗದಂತೆ ಎಲ್ಲರಿಗೂ ಗುಳಿಗೆ ಕೊಟ್ಟಿದ್ದರು. ಆದರೂ ಬೋಟಿನಲ್ಲಿ ಅರ್ಧ ಜನಕ್ಕೆ ತಲೆ ಸುತ್ತು. ನನಗೂ ಹೊಟ್ಟೆ ತೊಳೆಸುತ್ತಿತ್ತು. ದೂರ ನೋಡಿ, ಬೋಟಿನೊಳಗೆ ನೋಡಬೇಡಿ ಅಂತ ಬೋಟಿನ ಹುಡುಗ ಹೇಳಿದ. ಹಾಗೇ ಮಾಡಿದ ಮೇಲೆ ಎಷ್ಟೋ ಕಡಿಮೆಯಾಯಿತು. ಯಾರಾದರೂ ಹೋಗುವವರಿದ್ದರೆ ಇದೊಂದು ನೆನಪಿಡಿ.

ಎಂಟು ಗಂಟೆ ಸುಮಾರಿಗೆ ದೂರದಲ್ಲಿ ಬಿಳಿ ಹೊಗೆಯಂಥದ್ದು ಎದ್ದಿತು. "ನಿಲ್ ತಲ್ಮಸಾ!" ಅಂತ ಹುಡುಗ ಕೂಗಿದ. ಸಿಂಹಳದಲ್ಲಿ ನೀಲಿ ತಿಮಿಂಗಿಲ. ಅವ್ವನಿಗೆ ಯಾರೂ ಹೇಳಿಕೊಡಲಿಲ್ಲ. "ನೀಲಿ ಅಂದ್ನಲ್ಲ ಅಂವ" ಅಂತ ನನ್ನ ಕೈ ಹಿಡಿದಳು.

ಆಮೇಲೆ ಆದದ್ದು ನನಗೆ ಸರಿ ಕಾಣಲಿಲ್ಲ. ಅಕ್ಕಪಕ್ಕದ ನಾಲ್ಕೈದು ಬೋಟುಗಳು ಒಮ್ಮೆಲೇ ಜೋರು ಮಾಡಿ ಆ ಕಡೆ ನುಗ್ಗಿದವು. ಒಂದಂತೂ ಅದರ ಎದುರಿಗೇ ಹೋಗಿ ನಿಂತಿತು. ತಿಮಿಂಗಿಲ ಮುಳುಗಿಬಿಟ್ಟಿತು. 100 ಮೀಟರ್‌ಗಿಂತ ಹತ್ತಿರ ಹೋಗಬಾರದು ಅಂತ ಅಲ್ಲಿ ನಿಯಮವಿದೆ. ದುಡ್ಡು ಕೊಟ್ಟು ಬಂದವರು ಹತ್ತಿರ, ಇನ್ನೂ ಹತ್ತಿರ ಅಂತಾರೆ, ನಡೆಸುವವರು ಅವರ ಮಾತು ಕೇಳುತ್ತಾರೆ. ತಪ್ಪು ಇಬ್ಬರದೂ ಇದೆ. ಅದು ಮೀನಲ್ಲ ಅಲ್ವಾ, ನಮ್ಮ ಹಾಗೆ ಶ್ವಾಸಕೋಶ ಇರುವ ಪ್ರಾಣಿ. ಮೇಲೆ ಬರುವುದು ಉಸಿರಿಗೆ. ಉಸಿರಾಡಲು ಬಂದವರ ದಾರಿಗೆ ಅಡ್ಡ ನಿಲ್ಲಬಾರದು.

ನಮ್ಮ ಬೋಟಿನ ಹಿರಿಯ ನುಗ್ಗಲಿಲ್ಲ. ದೂರದಲ್ಲೇ ನಿಲ್ಲಿಸಿ ಎಂಜಿನ್ ಬಂದ್ ಮಾಡಿದ. ಕೆಲವರು ಗೊಣಗಿದರು. ಅವನು ಕೈಯಲ್ಲೇ ತಾಳಿ ಅಂತ ಸನ್ನೆ ಮಾಡಿದ. ಒಮ್ಮೆ ಮುಳುಗಿದರೆ ಹತ್ತು ನಿಮಿಷ ಅಥವಾ ಇನ್ನೂ ಜಾಸ್ತಿ ಕಾಯಬೇಕಂತೆ. ಉಳಿದ ಬೋಟುಗಳು ಬೇರೆ ಕಡೆ ಓಡಿದವು. ಸುಮ್ನೆ ಕೂತೆವು. ನೀರು ಬೋಟಿಗೆ ಬಡಿಯುವ ಸದ್ದು ಬಿಟ್ಟರೆ ಏನೂ ಇಲ್ಲ.

ಆಗ ಕೇಳಿತು. ಕಂಡದ್ದು ಆಮೇಲೆ. ಎಡಗಡೆಯಿಂದ 'ಹುಸ್ಸ್‌ಶ್' ಅಂತ ಉದ್ದಕ್ಕೆ, ಲಾರಿಯ ಏರ್ ಬ್ರೇಕ್ ಬಿಟ್ಟ ಹಾಗೆ, ಆದರೆ ಅದಕ್ಕಿಂತ ದಪ್ಪ ಸದ್ದು. ಚಿತ್ರಗಳಲ್ಲಿ ಕಾರಂಜಿ ಥರ ಬರೆಯುತ್ತಾರಲ್ಲ, ಅದು ನೀರು ಅಂತಲೇ ನಾನು ತಿಳಿದಿದ್ದೆ. ಅಲ್ಲ. ಒಳಗಿನ ಬಿಸಿ ಉಸಿರು ಹೊರಗೆ ಬಂದು ಆವಿಯಾಗಿ ಕಾಣುವುದು. ಚಳಿಗಾಲದಲ್ಲಿ ನಮ್ಮ ಬಾಯಿಂದ ಬರುವ ಹಾಗೆ. ಅದರದು 30 ಅಡಿ ಎತ್ತರಕ್ಕೂ ಹೋಗುತ್ತದೆ.

ಬೆನ್ನು ಮುಗಿಯುತ್ತಲೇ ಇರಲಿಲ್ಲ. ಬೂದು ಮಿಶ್ರಿತ ನೀಲಿ, ಮೇಲೆಲ್ಲ ಮಾಸಲು ಚುಕ್ಕೆಗಳು. ನೀರೊಳಗಿನ ಭಾಗ ಮಾತ್ರ ತಿಳಿ ಹಸಿರುನೀಲಿಯಾಗಿ ಹೊಳೆಯುತ್ತಿತ್ತು. ಕೊನೆಗೆ, ಎಷ್ಟೋ ಹೊತ್ತಿನ ಮೇಲೆ, ಬೆನ್ನಿನ ತುದಿಯಲ್ಲಿ ಒಂದು ಸಣ್ಣ ರೆಕ್ಕೆ ಬಂತು. ನಾಲ್ಕು ಸಲ ಉಸಿರು ಬಿಟ್ಟಿತು. ನಾನು ಎಣಿಸಿದೆ. ಮೂರನೆಯ ಸಲಕ್ಕೆ ಅವ್ವ ಮೆಲ್ಲಗೆ ಅಂದಳು, "ನಿಮ್ಮಪ್ಪ ದಮ್ಮು ಇಳಿದ ಮ್ಯಾಲ ಹೀಂಗೇ ಉಸಿರು ಬಿಡ್ತಿದ್ರು, ನೋಡು."

ಅಪ್ಪ ಮೂವತ್ತು ವರ್ಷ ದಾಲ್ ಮಿಲ್ಲಿನಲ್ಲಿ ದುಡಿದವರು. ತೊಗರಿ ಹೊಟ್ಟಿನ ಧೂಳಲ್ಲೇ ಜೀವ ಸವೆಸಿದರು. ನಾನು ಏನೂ ಅನ್ನಲಿಲ್ಲ. ಅವ್ವನ ಕೈ ಮೇಲೆ ಕೈ ಇಟ್ಟೆ.

ನಾಲ್ಕನೆಯ ಉಸಿರಾದ ಮೇಲೆ ಬೆನ್ನು ಬಾಗಿತು. ಬಾಲ ಮೇಲೆದ್ದಿತು. ನೀರು ಸೋರುತ್ತ ಒಂದು ಗಳಿಗೆ ನಿಂತು, ಸದ್ದಿಲ್ಲದೆ ಇಳಿಯಿತು. ಅದು ಹೋದ ಜಾಗದಲ್ಲಿ ನೀರು ಎಣ್ಣೆ ಚೆಲ್ಲಿದ ಹಾಗೆ ನುಣ್ಣಗಾಯಿತು. ಸುತ್ತ ಅಲೆ ಇದ್ದರೂ ಆ ಜಾಗಕ್ಕೆ ಬರಲಿಲ್ಲ. ಬಾಲ ಬೀಸಿದ ರಭಸಕ್ಕೆ ಹಾಗಾಗುತ್ತದೆ, ಅದನ್ನೇ ತಿಮಿಂಗಿಲದ ಹೆಜ್ಜೆ ಅಂತಾರೆ. ನಮ್ಮವರು ವಿಡಿಯೊ ಮಾಡಿದ್ದಾರೆ, ಅದರಲ್ಲಿ ಈ ಹೆಜ್ಜೆ ಅಷ್ಟು ಕಾಣುವುದಿಲ್ಲ.

ವಾಪಸ್ ಬರುವಾಗ ಹುಡುಗ ಆಶಾ ಡಿ ವೋಸ್ ಅವರ ವಿಷಯ ಹೇಳಿದ. ಶ್ರೀಲಂಕಾದ ಹೆಣ್ಣುಮಗಳು, ಸಮುದ್ರ ವಿಜ್ಞಾನಿ. 2003ರಲ್ಲಿ ಈ ಸಮುದ್ರದಲ್ಲೇ ತಿಮಿಂಗಿಲಗಳ ಗುಂಪಿನ ನಡುವೆ ಕೆಂಪು ಬಣ್ಣದ ಸಗಣಿ ತೇಲುವುದನ್ನು ಕಂಡರು. ನೀಲಿ ತಿಮಿಂಗಿಲಗಳು ತಣ್ಣನೆಯ ಸಮುದ್ರದಲ್ಲಿ ತಿಂದು, ಬಿಸಿ ಸಮುದ್ರಕ್ಕೆ ಮರಿ ಹಾಕಲು ಬರುತ್ತವೆ ಅಂತ ಓದಿಕೊಂಡಿದ್ದವರು ಅವರು. ಸಗಣಿ ಇದೆ ಅಂದರೆ ಇಲ್ಲೇ ತಿನ್ನುತ್ತಿವೆ ಅಂತಾಯಿತು. ಈ ಕಡೆಯವು ಅಷ್ಟು ದೂರ ಹೋಗದೆ ಬಿಸಿ ನೀರಲ್ಲೇ ಬದುಕುತ್ತವೆ ಅನ್ನೋದು ಆಮೇಲೆ ಗೊತ್ತಾಯಿತು. ಆ ಸಗಣಿಯಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅದರಿಂದ ಸಮುದ್ರದ ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ. ಇದನ್ನು ಅವ್ವನಿಗೆ ಹೇಳಿದೆ. "ಮತ್ತ, ತಿಪ್ಪಿ ಗೊಬ್ಬರ ಇಲ್ಲದ ಹೊಲ ಬೆಳೀತದೇನು?" ಅಂದಳು.

ದಕ್ಷಿಣಕ್ಕೆ ದೊಡ್ಡ ದೊಡ್ಡ ಕಂಟೇನರ್ ಹಡಗುಗಳು ಸಾಲಾಗಿ ಹೋಗುತ್ತಿದ್ದವು. ಪ್ರಪಂಚದ ಬಹಳ ಗದ್ದಲದ ಹಡಗು ದಾರಿಗಳಲ್ಲಿ ಅದೂ ಒಂದು, ತಿಮಿಂಗಿಲ ಓಡಾಡುವ ಜಾಗಕ್ಕೇ ತಾಗಿಕೊಂಡಿದೆ. ಡಿಕ್ಕಿ ಹೊಡೆದರೆ ಹಡಗಿನವರಿಗೆ ಗೊತ್ತೂ ಆಗದಿರಬಹುದು. ಎಂಎಸ್‌ಸಿ ಎಂಬ ದೊಡ್ಡ ಹಡಗು ಕಂಪನಿ 2022ರಲ್ಲಿ ತನ್ನ ಹಡಗುಗಳನ್ನು ಸುಮಾರು 15 ನಾಟಿಕಲ್ ಮೈಲಿ ಇನ್ನೂ ದಕ್ಷಿಣಕ್ಕೆ ಸರಿಸಿತು. ಉಳಿದವರೂ ಸರಿದರೆ ಎಷ್ಟು ಚೆನ್ನ. ಆ ಉಸಿರು ಕೇಳಿದ ಮೇಲೆ ನನಗೆ ಇದು ದೂರದ ಸುದ್ದಿ ಅನ್ನಿಸುತ್ತಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಹೊರಗೆ ಗದ್ದಲ. ಹೋಗಿ ನೋಡಿದೆ. ಪಕ್ಕದ ಮನೆ ವೈನಿ ಬಂದಿದ್ದರು, ಓಣಿಯ ಹುಡುಗರೆಲ್ಲ ಸುತ್ತ ನಿಂತಿದ್ದರು. ಅವ್ವ ಹೇಳುತ್ತಿದ್ದಳು, "ಬಾಯಾಗ ಹಲ್ಲ ಇಲ್ಲ. ಜರಡಿ ಇದ್ಹಾಂಗ ಅದ. ನೀರು ಸೋಸಿ ಸಣ್ಣ ಸಣ್ಣ ಸಿಗಡಿ ಅಷ್ಟೇ ತಿಂತದ." ಒಬ್ಬ ಹುಡುಗ ಕೇಳಿದ, "ಅಜ್ಜಿ, ಕೋಟೆಯೊಳಗಿನ ತೋಪಿನಷ್ಟು ಅದೇನು?"

ಅವರ ಸಾಲೆಯಿಂದ ಹೋದ ತಿಂಗಳು ಕೋಟೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿಯ ಫಿರಂಗಿ, ಬಾರಾ ಗಜಿ ತೋಪು, 29 ಅಡಿ ಉದ್ದ. ಅಂಥ ಮೂರು ತೋಪು ಸಾಲಾಗಿ ಇಟ್ಟರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ ಅಂತ ನಾನೇ ಹೇಳಿದೆ. ಹುಡುಗ ನಂಬಲಿಲ್ಲ.

ಅವ್ವ ಎದ್ದಳು. ಮೊಣಕಾಲು ಹಿಡಿದುಕೊಂಡು ಕಟ್ಟೆ ಇಳಿದು, ನಮ್ಮ ಹೊಸ್ತಿಲಿಗೆ ಬೆನ್ನು ಮಾಡಿ ನಿಂತು, "ಇಲ್ಲಿ ಮೂಗು" ಅಂದಳು. ಓಣಿ ಉದ್ದಕ್ಕೆ ನಡೆಯಲು ಶುರು ಮಾಡಿದಳು. ಹುಡುಗರು ಹಿಂದೆ ಹಿಂದೆ ಹೆಜ್ಜೆ ಎಣಿಸುತ್ತ ಹೋದರು. ಬೋರ್‌ವೆಲ್ ದಾಟಿದಳು, ವೈನಿ ಮನೆ ದಾಟಿದಳು. ಹಿಟ್ಟಿನ ಗಿರಣಿ ಮುಂದಿನ ಬೇವಿನ ಗಿಡದ ಹತ್ತಿರ ನಿಂತು, ತಿರುಗಿ, ಕೈ ಎತ್ತಿ ಕೂಗಿದಳು:

"ಇಲ್ಲಿಗಿ ಬಾಲ!"