ತಾಯಿ ಹೇಳಿದ್ದು, ಸ್ಕ್ಯಾನ್ ಹೇಳದ್ದು

"ಸ್ಕ್ಯಾನ್ ನಾರ್ಮಲ್ ಬಂದೈತ್ರಿ ಮೇಡಂ, ಕುತ್ತಿಗಿ ಉಳುಕೈತಿ ಅಷ್ಟ, ಒಂದ್ಸಲ ಲಟಕ್ ಅನಿಸಿಬಿಡ್ರಿ." ಹುಡುಗನ ಕಾಕಾ ಕೂರೋಕ್ಕಿಂತ ಮುಂಚೆನೇ ಹೇಳಿದ ಮಾತಿದು. ಫೈಲ್ ಟೇಬಲ್ ಮೇಲಿಟ್ರು. ಹುಡುಗ ಎಡಗೈಯಿಂದ ಕುತ್ತಿಗೆ ಹಿಡ್ಕೊಂಡು ಬೆಳಕಿಗೆ ಕಣ್ಣು ಕಿರಿದು ಮಾಡ್ಕೊಂಡು ನಿಂತಿದ್ದ. ಬಾಗಿಲ ಹತ್ರ ಸೆರಗು ಹೊದ್ಕೊಂಡು ಅವನ ತಾಯಿ.

ನಮ್ಮ ಕಡೆ ಸುಗ್ಗಿ ಬಂತಂದ್ರೆ ಅರ್ಧ ರಸ್ತೆ ಕಣ ಆಗುತ್ತಲ್ಲ, ಹಂಗೇ ಕುಷ್ಟಗಿ ರೋಡಲ್ಲಿ ಹರವಿದ್ದ ಮೆಕ್ಕೆಜೋಳದ ಮೇಲೆ ಬೈಕ್ ಸ್ಕಿಡ್ ಆಗಿದೆ. ಹೆಲ್ಮೆಟ್ ಇಲ್ಲ. ರಾಶಿ ಸುತ್ತ ಸಾಲಾಗಿಟ್ಟಿದ್ದ ಕಲ್ಲಿಗೆ ತಲೆ ತಾಗಿ ಕುತ್ತಿಗೆ ಒಂದು ಕಡೆ ಜಗ್ಗಿದೆ. ಆಸ್ಪತ್ರೆಯೊಂದರಲ್ಲಿ ತಲೆ ಸಿಟಿ ಮಾಡಿ, ರಕ್ತಸ್ರಾವ ಇಲ್ಲ, ಎಲುಬು ಮುರಿದಿಲ್ಲ ಅಂತ ನೋವಿನ ಮಾತ್ರೆ ಕೊಟ್ಟು ಕಳ್ಸಿದ್ದಾರೆ. ಆ ಹೊತ್ತಿಗೆ ಅವನ ಕಣ್ಣು ಸರಿ ಇದ್ದಿರಬಹುದು, ಕ್ಯಾಶುವಾಲ್ಟಿಲಿ ರಾತ್ರಿ ಡ್ಯೂಟಿ ಮಾಡೋರ ಕಷ್ಟ ನನಗೆ ಗೊತ್ತು. ಆದ್ರೆ ಡಿಸ್ಚಾರ್ಜ್ ಚೀಟಿಲಿ ಏನಾದ್ರೆ ವಾಪಸ್ ಬರ್ಬೇಕು ಅಂತ ಒಂದೇ ಒಂದು ಸಾಲು ಇರ್ಲಿಲ್ಲ, ಅದಕ್ಕೆ ನನಗೆ ಈಗ್ಲೂ ಸಿಟ್ಟಿದೆ.

ನಾನು ಹುಡುಗನ್ನ ಕೂರಿಸಿ ಕೇಳ್ತಾ ಇದ್ದೆ, ಕಾಕಾ ಉತ್ತರ ಹೇಳ್ತಾ ಇದ್ರು. ವಾಂತಿ ಇಲ್ಲ, ಊಟ ಮಾಡ್ಯಾನ, ಎಲ್ಲಾ ಬರೋಬರ ಐತಿ. ಆಗ ಬಾಗಿಲ ಕಡೆಯಿಂದ ಆ ತಾಯಿ ಮೆಲ್ಲಗೆ ಅಂದ್ರು, "ಮೇಡಂ, ಇವನ ಎಡಗಣ್ಣು ಸಣ್ಣದಾಗೈತ್ರಿ."

"ನಿದ್ದಿಗೆಟ್ಟಾನ, ಅದಕ್ಕ ಹಂಗ ಕಾಣತೈತಿ. ನೀವು ಸುಮ್ನಿರ್ರಿ ವೈನಿ." ಕಾಕಾ.

ಇಷ್ಟೇ ಮಾತು. ಈ ವಾರ ಪೂರ್ತಿ ಇದೇ ತಲೆಯಲ್ಲಿ ತಿರುಗ್ತಾ ಇದೆ. ಎಡಗಣ್ಣು ಸಣ್ಣದಾಗೈತ್ರಿ, ನೀವು ಸುಮ್ನಿರ್ರಿ.

ಯಾಕಂದ್ರೆ ಅದಕ್ಕೆ ಸ್ವಲ್ಪ ದಿನ ಮುಂಚೆ ಬಳ್ಳಾರಿಲಿ ಒಂದು ತರಬೇತಿಗೆ ಹೋಗಿ ಬಂದಿದ್ದೆ. ಪೆಟ್ಟು ಬಿದ್ದ ಮೇಲೆ ಕನ್ಕಷನ್, ಅಂದ್ರೆ ಮೆದುಳು ಅದುರಿ ಅದರ ಕೆಲಸ ಏರುಪೇರಾಗೋದನ್ನ, ಹೆಂಗೆ ಗುರುತಿಸ್ಬೇಕು, ಕುತ್ತಿಗೆಯ ರಕ್ತನಾಳಕ್ಕೆ ಏಟಾಗಿದ್ರೆ ಹೆಂಗೆ ಅನುಮಾನ ಪಡ್ಬೇಕು ಅನ್ನೋದೇ ವಿಷಯ. ನನ್ನಂಥ ಫಿಸಿಯೋಥೆರಪಿಯವರು, ಡ್ಯೂಟಿ ಡಾಕ್ಟರುಗಳು, ಒಂದಿಬ್ರು ಪಿಇ ಮೇಷ್ಟ್ರುಗಳೂ ಬಂದಿದ್ರು. ಅಲ್ಲಿ ಕಲಿಸಿದವರು ಮತ್ತೆ ಮತ್ತೆ ಹೇಳಿದ್ದು, ಸಿಟಿ ಮಾಡೋದು ರಕ್ತಸ್ರಾವ, ಮೂಳೆ ಮುರಿತ ಹುಡುಕೋಕೆ, ಕನ್ಕಷನ್ ಅದರಲ್ಲಿ ಕಾಣಲ್ಲ ಅಂತ. ಮೆದುಳಿನ ಜೀವಕೋಶಗಳ ಕೆಲಸ ಏರುಪೇರಾಗಿರುತ್ತೆ, ಆಕಾರ ಹಂಗೇ ಇರುತ್ತೆ. ಬಹಳ ಜನಕ್ಕೆ ಪ್ರಜ್ಞೆ ತಪ್ಪೋದೇ ಇಲ್ಲ. ಎಚ್ಚರ ಎಷ್ಟಿದೆ ಅಂತ ಅಳೆಯೋಕೆ 1974ರಿಂದ ನಾವೆಲ್ಲ ಬಳಸ್ತಾ ಇರೋ ಗ್ಲಾಸ್ಗೋ ಸ್ಕೋರಲ್ಲಿ 15ಕ್ಕೆ 15 ಬಂದವನಿಗೂ ಕನ್ಕಷನ್ ಆಗಿರಬಹುದು. ಅದಕ್ಕೇ 2023ರಲ್ಲಿ ಬಂದ ಸ್ಕ್ಯಾಟ್-6 ಅಂತ ಒಂದು ಪರೀಕ್ಷೆ ಇದೆ, ಆಟಗಾರರಿಗೆ ಮಾಡೋದು. ಹತ್ತು ಪದ ಹೇಳಿ ಆಮೇಲೆ ನೆನಪಿಸಿಕೊಳ್ಳೋಕೆ ಹೇಳ್ತಾರೆ, ತಿಂಗಳುಗಳನ್ನ ಹಿಂದಿನಿಂದ ಹೇಳಿಸ್ತಾರೆ, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಗೆರೆ ಮೇಲೆ ನಡೆಸ್ತಾರೆ. ಸರಿಯಾಗಿ ಮಾಡೋಕೆ ಹತ್ತು ಹದಿನೈದು ನಿಮಿಷ ಬೇಕೇ ಬೇಕು. ಆ ಹದಿನೈದು ನಿಮಿಷ ಯಾರು ಕೊಡ್ತಾರೆ ಅಂತ ಒಬ್ಬ ಡಾಕ್ಟರ್ ಅಲ್ಲೇ ಕೇಳಿದ್ರು, ಕೇಳೋದು ನ್ಯಾಯವೇ.

ನನ್ನನ್ನ ಹಿಡಿದು ಕೂರಿಸಿದ್ದು ರಕ್ತನಾಳದ ಭಾಗ. ತಲೆಗೆ ರಕ್ತ ಹೋಗೋದು ಮುಖ್ಯವಾಗಿ ನಾಲ್ಕು ನಾಳದಲ್ಲಿ, ಮುಂದೆ ಎರಡು ಕರೋಟಿಡ್, ಹಿಂದೆ ಎರಡು ವರ್ಟಿಬ್ರಲ್. ಹಿಂದಿನವು ಕುತ್ತಿಗೆಯ ಆರನೇ ಮೂಳೆಯಿಂದ ಮೇಲಕ್ಕೆ ಮೂಳೆಗಳ ತೂತಲ್ಲೇ ತೂರಿಕೊಂಡು ಹೋಗ್ತವೆ. ಕುತ್ತಿಗೆ ಜೋರಾಗಿ ಜಗ್ಗಿದಾಗ ನಾಳದ ಒಳಪದರ ಕುಪ್ಪಸದ ಅಸ್ತರು ಬಿಟ್ಕೊಂಡ ಹಂಗೆ ಬಿಟ್ಕೊಳ್ಳುತ್ತೆ, ಸಂದಿಗೆ ರಕ್ತ ನುಗ್ಗುತ್ತೆ, ಹೆಪ್ಪುಗಟ್ಟುತ್ತೆ, ಆ ಹೆಪ್ಪು ಮೆದುಳಿಗೆ ಹೋದ್ರೆ ಸ್ಟ್ರೋಕ್. ಅದು ಬಿದ್ದ ಕ್ಷಣಕ್ಕೇ ಆಗ್ಬೇಕಂತಿಲ್ಲ, ಕೆಲವು ಗಂಟೆ ಆದ್ಮೇಲೆ, ಕೆಲವು ದಿನ ಆದ್ಮೇಲೂ ಆಗುತ್ತೆ. ನಡುವಿನ ಆ ಸಮಯದಲ್ಲಿ ಮನುಷ್ಯ ನಡೀತಾನೆ, ಮಾತಾಡ್ತಾನೆ, ತಲೆ ಸಿಟಿ ಕ್ಲೀನ್. ಇರೋದು ಒಂದೇ ಕಡೆ ಕುತ್ತಿಗೆ ನೋವು, ಹಿಂದೆಂದೂ ಬರದಂಥ ತಲೆನೋವು, ಇನ್ನು ಕೆಲವರಿಗೆ ಅದೇ ಕಡೆ ರೆಪ್ಪೆ ಇಳಿದು ಕಣ್ಣಿನ ಪಾಪೆ ಚಿಕ್ಕದಾಗೋದು. ಕರೋಟಿಡ್ ಸುತ್ತ ಹಬ್ಬಿಕೊಂಡು ಮೇಲೆ ಹೋಗೋ ನರಕ್ಕೆ ತೊಂದರೆ ಆದಾಗ ಹಂಗಾಗುತ್ತೆ, ಹಾರ್ನರ್ ಸಿಂಡ್ರೋಮ್ ಅಂತಾರೆ. ನೋವಿನ ಜೊತೆ ಅದು ಕಂಡ್ರೆ ಬೇರೆ ಕಾರಣ ಸಿಗೋ ತನಕ ಕರೋಟಿಡ್ ಹರಿದಿದೆ ಅಂತಲೇ ತಿಳ್ಕೊಳ್ಳಿ, ಕುತ್ತಿಗೆ ಮುಟ್ಟಬೇಡಿ ಅಂದಿದ್ರು.

ಹಾಗಾಗಿ ಟ್ಯೂಬ್‌ಲೈಟ್ ಆಫ್ ಮಾಡಿ ಪರದೆ ಎಳೆದೆ. ಬೆಳಕಲ್ಲಿ ಎರಡೂ ಪಾಪೆ ಚಿಕ್ಕದಾಗೇ ಇರ್ತವೆ, ವ್ಯತ್ಯಾಸ ಸರಿಯಾಗಿ ಗೊತ್ತಾಗೋದು ಕತ್ತಲಲ್ಲಿ. ಮೊಬೈಲ್ ಟಾರ್ಚಿಗೆ ಬೆರಳು ಅಡ್ಡ ಹಿಡಿದು ಗದ್ದದ ಕೆಳಗಿನಿಂದ ಮಂದ ಬೆಳಕು ಬಿಟ್ಟು ನೋಡಿದೆ. ಬಲಗಣ್ಣಿನ ಪಾಪೆ ಅಗಲ ಆಯ್ತು, ಎಡಗಣ್ಣಿಂದು ಅಷ್ಟಕ್ಕೇ ನಿಂತಿತ್ತು. ಮೇಲಿನ ರೆಪ್ಪೆ ಒಂದೆಳೆ ಕೆಳಗೆ. ಅಷ್ಟೇ ವ್ಯತ್ಯಾಸ, ಗೊತ್ತಿಲ್ಲದೆ ನೋಡಿದ್ರೆ ಯಾರಿಗೂ ಕಾಣಲ್ಲ, ದಿನಾ ಆ ಮುಖ ನೋಡೋ ತಾಯಿಗೆ ಕಂಡಿತ್ತು.

ನೋವು ಎಲ್ಲಿ ತಮ್ಮಾ ಅಂದ್ರೆ ಎಡ ದವಡೆಯಿಂದ ಕಣ್ಣಿನ ಹಿಂದಕ್ಕೆ ಬೆರಳು ಓಡಿಸಿ ತೋರಿಸಿದ. ಬಿಪಿ ನೋಡಿದೆ, ನಾಲಿಗೆ, ನುಂಗೋದು, ಮಾತು, ಕೈಕಾಲು ಶಕ್ತಿ ಎಲ್ಲಾ ನೋಡಿದೆ, ಸದ್ಯ ಸರಿ ಇತ್ತು. ಆಮೇಲೆ ತಾಯಿ ಕಡೆ ತಿರುಗಿ "ಇನ್ನೇನು ಅನಿಸೈತಿ ಹೇಳ್ರಿ ಯವ್ವಾ" ಅಂದೆ. ಅವರು ಕಾಕಾನ ಮುಖ ಒಂದ್ಸಲ ನೋಡಿ, "ಕೇಳಿದ್ದನ್ನ ನಾಕ ನಾಕ ಸಲ ಕೇಳತಾನ್ರಿ, ಟಿವಿ ಹಚ್ಚಿದ್ರ ಬೈತಾನ, ನಿನ್ನಿ ರಾತ್ರಿ ಸಂಡಾಸಕ್ಕ ಹೋಗೂ ಮುಂದ ಗ್ವಾಡಿ ಹಿಡಕೊಂಡು ಹೋದ" ಅಂದ್ರು. ಆ ತರಬೇತಿಲಿ ಸ್ಲೈಡ್ ಹಾಕಿ ಹಾಕಿ ತೋರಿಸಿದ ಕನ್ಕಷನ್ ಲಕ್ಷಣಗಳ ಪಟ್ಟಿನ ಆಯಮ್ಮ ಮೂರೇ ಮಾತಲ್ಲಿ ಹೇಳಿ ಮುಗಿಸಿದ್ರು.

ಕಾಲರ್ ಹಾಕಿ, ಫೋನ್ ಮಾಡಿ, ಚೀಟಿಲಿ ಕಂಡಿದ್ದೆಲ್ಲ ಬರೆದು ಬಳ್ಳಾರಿಗೆ ಕಳಿಸಿದೆ, ಅಲ್ಲಿ ಕುತ್ತಿಗೆ ಸಿಟಿ ಆಂಜಿಯೋ, ಅಂದ್ರೆ ರಕ್ತನಾಳ ತೋರಿಸೋ ಸ್ಕ್ಯಾನ್ ಮಾಡಿದ್ರು, ಎಡ ಕರೋಟಿಡ್ ಒಳಪದರ ಹರಿದಿತ್ತು. ಈಗ ರಕ್ತ ಹೆಪ್ಪುಗಟ್ಟದಂಗೆ ಔಷಧಿ ನಡೀತಿದೆ, ಸ್ಟ್ರೋಕ್ ಆಗಿಲ್ಲ. ಕೆಲವು ತಿಂಗಳು ಔಷಧಿ ಬೇಕು, ಮತ್ತೆ ಸ್ಕ್ಯಾನ್ ಬೇಕು. ಗಾಡಿ ಓಡಿಸಂಗಿಲ್ಲ.

ಕಾಕಾ ಕೆಟ್ಟವರೇನಲ್ಲ. ಕೆಲಸ ಬಿಟ್ಟು ಬಂದಿದ್ದಾರೆ, ದುಡ್ಡು ಹೊಂದಿಸಿದ್ದಾರೆ, ಬಳ್ಳಾರಿಲಿ ವಾರ್ಡಿನ ಹೊರಗೆ ಮಲಗಿದ್ದೂ ಅವರೇ. ಲಟಕ್ ಅನಿಸಿ ಅಂದಿದ್ದು ಕೂಡ ನಮ್ಮ ಕಡೆ ಎಲ್ರೂ ಅನ್ನೋದನ್ನೇ. ಕಟಿಂಗ್ ಶಾಪಲ್ಲಿ ತಲೆ ತಿಕ್ಕಿ ಕೊನೆಗೆ ಕುತ್ತಿಗೆ ಎರಡೂ ಕಡೆ ಮುರಿಸ್ಕೊಂಡ್ರೇನೇ ಹಗುರ ಅನ್ನೋರು ಎಷ್ಟು ಜನ ಇಲ್ಲ. 2024ರಲ್ಲಿ ಬಳ್ಳಾರಿಯವರೊಬ್ಬರಿಗೆ ಹಂಗೆ ಮಸಾಜಲ್ಲಿ ಕುತ್ತಿಗೆ ತಿರುಗಿಸಿದ ಮೇಲೆ ಕರೋಟಿಡ್ ಹರಿದು ಸ್ಟ್ರೋಕ್ ಆಗಿದ್ದು ಪೇಪರಲ್ಲೇ ಬಂದಿತ್ತು, ಒಂದು ವಾರ ಎಲ್ರೂ ಮಾತಾಡಿದ್ರು, ಆಮೇಲೆ ಮತ್ತೆ ಅದೇ ಲಟಕ್. ದಯವಿಟ್ಟು ಮಾಡಿಸ್ಕೋಬೇಡಿ. ಬಿದ್ದು ಪೆಟ್ಟಾದ ಕುತ್ತಿಗೆಗಂತೂ ಯಾರನ್ನೂ ಕೈ ಹಾಕೋಕೆ ಬಿಡಬೇಡಿ, ನಮ್ಮಂಥವರನ್ನೂ ಸೇರಿಸಿ, ಮೊದಲು ಪೂರ್ತಿ ಪರೀಕ್ಷೆ ಮಾಡದೆ.

ನನಗೆ ಹೊಟ್ಟೆಲಿ ಸಂಕಟ ಆಗೋದು ‘ಸುಮ್ನಿರ್ರಿ ವೈನಿ’ ಅನ್ನೋದಕ್ಕೆ. ರಾತ್ರಿ ಎದ್ದು ಎದ್ದು ನೋಡೋದು ಹೆಣ್ಮಕ್ಕಳು, ಆಸ್ಪತ್ರೆಲಿ ಮಾತಾಡೋದು ಗಂಡಸರು. ಫೈಲ್ ಇವರ ಕೈಲಿ, ದುಡ್ಡು ಇವರ ಜೇಬಲ್ಲಿ, ಹಂಗಾಗಿ ಡಾಕ್ಟರ್ ಕಣ್ಣೂ ಇವರ ಕಡೆನೇ. ತಲೆಗೆ ಪೆಟ್ಟು ಬಿದ್ದವನಿಗೆ ತನ್ನಲ್ಲಿ ಏನು ಬದಲಾಗಿದೆ ಅಂತ ಅವನಿಗೇ ಗೊತ್ತಾಗಲ್ಲ, ಜೊತೆಗಿದ್ದವರನ್ನ ಕೇಳಿ ಅಂತ ತರಬೇತಿಲೂ ಹೇಳಿದ್ರು, ಆದ್ರೆ ಜೊತೆಗಿದ್ದವರು ಅಂದ್ರೆ ಯಾರು ಅನ್ನೋದನ್ನ ಅಲ್ಲಿ ಯಾರೂ ಮಾತಾಡಲಿಲ್ಲ.

ಈಗ ನಾನು ಫೈಲ್ ತಂದವರನ್ನ ಹೊರಗೆ ಕೂರಿಸಿ, ಮನೇಲಿ ನೋಡ್ಕೊಂಡವರನ್ನ ಬೇರೆಯಾಗಿ ಕರೆದು ಕೇಳ್ತಾ ಇದ್ದೀನಿ. ನಿನ್ನೆ ಗಂಗಾವತಿ ಕಡೆಯ ಒಬ್ಬ ಕಬಡ್ಡಿ ಹುಡುಗನ ಜೊತೆ ಬಂದಿದ್ದ ಅಜ್ಜಿಗೆ ನನ್ನ ಪಕ್ಕ ಸ್ಟೂಲ್ ಹಾಕಿಸಿದೆ, ಹುಡುಗನ ಅಪ್ಪ ಸ್ವಲ್ಪ ಮುಖ ಗಂಟು ಹಾಕ್ಕೊಂಡ್ರು. ಅಜ್ಜಿ ತುಂಬಾ ಹೊತ್ತು ಮಾತಾಡಿದ್ರು, ನಾನು ಎಲ್ಲಾ ಬರ್ಕೊಂಡೆ.